ಮಲ್ಪೆಯಿಂದ ಕಡಲಿನೊಳಗೆ ಹೋಗಿ ಬಂದೆವು. ನಾವು ಕಂಡದ್ದು ತಿಮಿಂಗಿಲವಾ?

ಶಿರಾಗೇಟ್, ತುಮಕೂರು

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೇ ಭಾನುವಾರ ನಾವು ಹತ್ತು ಜನ ಮಲ್ಪೆಯಲ್ಲಿ ಬೋಟ್ ಮಾಡಿಕೊಂಡು ಕಡಲಿನೊಳಗೆ ಹೋಗಿ ಬಂದೆವು. ಹಕ್ಕಿ ನೋಡುವ ಆಸೆ ನನ್ನದು. ಮಿಕ್ಕ ಒಂಬತ್ತು ಜನಕ್ಕೆ ತಿಮಿಂಗಿಲವೇ ಬೇಕಿತ್ತು. ಅದಕ್ಕೇ ಈ ಪ್ರಶ್ನೆ.

ಮೊದಲು ಕಥೆ ಹೇಳಿಬಿಡುತ್ತೇನೆ. ಶನಿವಾರ ಮಧ್ಯಾಹ್ನ ತುಮಕೂರು ಬಿಟ್ಟು ತಿಪಟೂರು, ಅರಸೀಕೆರೆ, ಬೇಲೂರು ದಾಟಿ ಚಾರ್ಮಾಡಿ ಘಾಟಿ ಇಳಿದೆವು. ಉಡುಪಿ ಸೇರುವಾಗ ರಾತ್ರಿ ಹನ್ನೊಂದು. ಬೆಳಿಗ್ಗೆ ಐದೂವರೆಗೆ ಬಂದರಿನಲ್ಲಿದ್ದೆವು. ಇದನ್ನು ಮಾಡಿಸಿಕೊಟ್ಟ ಏಜೆಂಟ್ ಫೋನಿನಲ್ಲಿ "ತಿಮಿಂಗಿಲ ಗ್ಯಾರಂಟಿ ಸಾರ್" ಅಂದಿದ್ದ. ಬೆಳಿಗ್ಗೆ ಅವನೇ ಬರಲಿಲ್ಲ, ಫೋನೂ ಎತ್ತಲಿಲ್ಲ. ಬೋಟ್ ನಡೆಸುವ ತಾಂಡೇಲರು ಮಾತ್ರ ಪಾಪ ಒಳ್ಳೆಯವರು. "ಗ್ಯಾರಂಟಿ ಕೊಡೋಕೆ ಅದೇನು ನಾನು ಸಾಕಿದ ದನವಾ?" ಅಂತ ನಕ್ಕರು.

ಎರಡು ಗಂಟೆ ನೇರ ಪಶ್ಚಿಮಕ್ಕೆ ಹೋದೆವು. ಸುಮಾರು 30 ಕಿ.ಮೀ. ಆಗಿರಬಹುದು. ಹಿಂದೆ ತಿರುಗಿದರೆ ದಡ ಕಾಣಲ್ಲ, ನಾಲ್ಕೂ ಕಡೆ ನೀರು. ಬೋರ್‌ವೆಲ್ ಸಾವಿರ ಅಡಿ ಹೋದರೂ ಧೂಳು ಬರುವ ಊರಿನವನು ನಾನು. ಒಂದು ಕ್ಷಣ ಏನೂ ಮಾತೇ ಬರಲಿಲ್ಲ. ಆಮೇಲೆ ಬಂದದ್ದು ವಾಂತಿ. ಹತ್ತರಲ್ಲಿ ಆರು ಜನ ಮಲಗಿಬಿಟ್ಟರು.

ಹಕ್ಕಿ ಚೆನ್ನಾಗಿ ಸಿಕ್ಕವು. ತೇಲುತ್ತಿದ್ದ ಮರದ ತುಂಡಿನ ಮೇಲೆ ಕೂತಿದ್ದ ಕಂದು ಬೆನ್ನಿನ ರೀವ (ಟರ್ನ್) ಐದು. ಗುಬ್ಬಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಹಕ್ಕಿ ಒಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ, ಕಾಲು ಇಳಿಬಿಟ್ಟು ನೀರಿನ ಮೇಲೆ ನಡೆದ ಹಾಗೆ ಹಾರುತ್ತಿತ್ತು. ಇನ್ನೊಂದು ದಪ್ಪ ಕಂದು ಹಕ್ಕಿ ಬಂದು ರೀವದ ಬಾಯಿಂದ ಮೀನು ಕಿತ್ತುಕೊಂಡಿತು. ನೀರಿನಲ್ಲಿ ಬುಗುರಿಯ ಹಾಗೆ ಸುತ್ತುತ್ತಿದ್ದ ಪುಟ್ಟ ಹಕ್ಕಿಗಳ ಒಂದು ಗುಂಪೂ ಇತ್ತು.

ಈಗ ವಿಷಯ. ವಾಪಸ್ ಬರುವಾಗ, ಸೇಂಟ್ ಮೇರೀಸ್ ದ್ವೀಪ ಕಣ್ಣಿಗೆ ಬಿದ್ದ ಮೇಲೆ, ಎಡಕ್ಕೆ ಒಂದು ದೊಡ್ಡ ಬೂದು ಬೆನ್ನು ಎದ್ದಿತು. ಎರಡು ಸಲ ಉರುಳಿದ ಹಾಗೆ ಎದ್ದು ಮುಳುಗಿತು. ಫೋಟೋ ಇಲ್ಲ, ಏಕೆಂದರೆ ಕ್ಯಾಮೆರಾ ಹಿಡಿದವನ ತಲೆ ಬಕೆಟ್‌ನಲ್ಲಿತ್ತು. ಅದು ತಿಮಿಂಗಿಲವಾ? ಮನೆಯಲ್ಲಿ ಆಗಲೇ "ಹೌದು" ಅಂತ ಹೇಳಿಬಿಟ್ಟಿದ್ದೇವೆ.

ತಟ್ಟೆಇಡ್ಲಿ, ಕ್ಯಾತ್ಸಂದ್ರ

ವಾಂತಿಗೆ ಆರು ಜನ ಸಾಕ್ಷಿ, ತಿಮಿಂಗಿಲಕ್ಕೆ ಒಬ್ಬರೂ ಇಲ್ಲ. ಒಳ್ಳೇ ಪ್ರವಾಸ ಗುರು.

ರೀವ, ಚಿಕ್ಕಬಳ್ಳಾಪುರ

ಶಿರಾಗೇಟ್ ಅವರೇ, ನಾಲ್ಕು ಪ್ರಶ್ನೆ. ಬೆನ್ನ ಮೇಲೆ ರೆಕ್ಕೆ ಇತ್ತಾ? ಉಸಿರು ಬಿಟ್ಟಾಗ ಹಬೆಯ ಹಾಗೆ ಏನಾದರೂ ಮೇಲೆದ್ದಿತಾ? ಒಂದೇ ಇತ್ತಾ, ಜೊತೆಗೆ ಇನ್ನೊಂದಿತ್ತಾ? ಬೋಟ್ ಹತ್ತಿರ ಹೋದಾಗ ಅದು ಏನು ಮಾಡಿತು? ಉದ್ದ ಎಷ್ಟು ಅಂತ ಮಾತ್ರ ಕೇಳಲ್ಲ. ಕಡಲಲ್ಲಿ ಅಳತೆಗೆ ಪಕ್ಕದಲ್ಲಿ ಮರ ಇಲ್ಲ, ಮನೆ ಇಲ್ಲ. ಎಲ್ಲರೂ ಎರಡು ಪಟ್ಟು ಹೇಳುತ್ತಾರೆ. ನಾನೂ ಹೇಳಿದ್ದೇನೆ.

ಶಿರಾಗೇಟ್, ತುಮಕೂರು

ಅಕ್ಕ, ರೆಕ್ಕೆ ಕಾಣಲಿಲ್ಲ, ಬೆನ್ನು ನುಣ್ಣಗಿತ್ತು. ಹಬೆ ಇಲ್ಲ. ಎರಡು ಇದ್ದವೇನೋ, ಒಂದು ಮುಳುಗಿದಾಗ ಇನ್ನೊಂದು ಎದ್ದ ಹಾಗಿತ್ತು. ಬೋಟ್ ತಿರುಗಿಸಿದ್ದೇ ತಡ, ಮಾಯ. ಉದ್ದ ಎಮ್ಮೆಯಷ್ಟು ಅಂತ ಬರೆಯೋಣ ಅಂದುಕೊಂಡಿದ್ದೆ, ನೀವು ಬೇಡ ಅಂದಿರಿ.

ರೀವ, ಚಿಕ್ಕಬಳ್ಳಾಪುರ

ಹಾಗಾದರೆ ಬೇಜಾರು ಮಾಡಿಕೊಳ್ಳಬೇಡಿ, ತಿಮಿಂಗಿಲ ಅಲ್ಲ. ನೀವು ನೋಡಿದ್ದು ಬಹುಶಃ ಫಿನ್‌ಲೆಸ್ ಪಾರ್ಪಾಯ್ಸ್. ಡಾಲ್ಫಿನ್‌ನ ದೂರದ ನೆಂಟ. ಬೆನ್ನಿಗೆ ರೆಕ್ಕೆ ಇಲ್ಲ, ಮುಂದೆ ಚಾಚಿದ ಮೂತಿ ಇಲ್ಲ, ತಲೆ ದುಂಡಗೆ. ಉದ್ದ ಒಂದೂವರೆ ಮೀಟರ್ ಆಸುಪಾಸು, ಅಂದರೆ ಸುಮಾರು ನಮ್ಮ ನಿಮ್ಮಷ್ಟೇ. ದಡದ ಹತ್ತಿರದ ಕಡಿಮೆ ಆಳದ ನೀರಿನಲ್ಲೇ ಇರುತ್ತದೆ. ಡಾಲ್ಫಿನ್ ಹಾಗೆ ಎಗರಿ ಆಟ ಆಡಲ್ಲ, ಬೋಟ್ ಕಂಡರೆ ಬರಲ್ಲ, ಸುಮ್ನೆ ಉರುಳಿ ಹೋಗಿಬಿಡುತ್ತದೆ. ನೀವು ಹೇಳಿದ್ದಕ್ಕೆಲ್ಲ ಸರಿಹೊಂದುತ್ತದೆ.

ಅದೇ ಜಾಗದಲ್ಲಿ ಬೆನ್ನ ಮೇಲೆ ಗೂನು, ಗೂನಿನ ಮೇಲೆ ಸಣ್ಣ ರೆಕ್ಕೆ ಕಂಡಿದ್ದರೆ ಹಂಪ್‌ಬ್ಯಾಕ್ ಡಾಲ್ಫಿನ್ ಅನ್ನುತ್ತಿದ್ದೆ. ಅದು ನದಿ ಕಡಲು ಸೇರುವ ಕಡೆ ಜಾಸ್ತಿ. ಕಾರವಾರದಲ್ಲಿ ಕಾಳಿ ನದಿಯ ಬಾಯಲ್ಲಿ ಪ್ರವಾಸಿಗಳಿಗೆ ತೋರಿಸುವುದು ಅದನ್ನೇ.

ತಿಮಿಂಗಿಲ ಆಗಿದ್ದರೆ ಇಷ್ಟು ಪ್ರಶ್ನೆ ಬೇಕಾಗುತ್ತಿರಲಿಲ್ಲ. ನಮ್ಮ ಕರಾವಳಿ ಹತ್ತಿರ ಬರುವ ಬ್ರೈಡ್ಸ್ ತಿಮಿಂಗಿಲ 12 ಮೀಟರ್ ಆಸುಪಾಸು ಇರುತ್ತದೆ. ಒಂದು ಸರ್ಕಾರಿ ಬಸ್ ನೀರಿನಿಂದ ಎದ್ದ ಹಾಗೆ. ಬೆನ್ನಿನ ಹಿಂಭಾಗದಲ್ಲಿ ಕೊಕ್ಕೆಯಂಥ ರೆಕ್ಕೆ, ತಲೆಯ ಮೇಲೆ ಮೂರು ಏಣು. ಉಸಿರು ಬಿಟ್ಟರೆ ದೂರದಿಂದಲೇ ಕಾಣುತ್ತದೆ.

ಅಂದಹಾಗೆ, ಫಿನ್‌ಲೆಸ್ ಪಾರ್ಪಾಯ್ಸ್ ಕಾಣಲಿ ಅಂತ ನಾನು ನಾಲ್ಕು ಸಲ ಹೋಗಿದ್ದೇನೆ. ಒಂದು ಸಲವೂ ಸಿಕ್ಕಿಲ್ಲ. ಹೊಟ್ಟೆ ಉರೀತಿದೆ.

ಕೆರೆಕೋಡಿ, ಕೋಲಾರ

ಅಕ್ಕ, ನೀವು ಸಮಾಧಾನ ಹೇಳುತ್ತಿದ್ದೀರಿ. ತಲೆಗೆ ಮೂರು ಸಾವಿರ ಕೊಟ್ಟು ಮನುಷ್ಯನಷ್ಟೇ ಉದ್ದದ ಪ್ರಾಣಿ ನೋಡಿ ಬಂದರು ಪಾಪ. ನಮ್ಮ ಭಾವ ಎರಡು ವರ್ಷದ ಹಿಂದೆ ಶ್ರೀಲಂಕಾದ ಮಿರಿಸ್ಸಾಗೆ ಹೋಗಿದ್ದರು. ದಡ ಬಿಟ್ಟು ಸ್ವಲ್ಪ ಹೊತ್ತಿಗೆ ನೀಲಿ ತಿಮಿಂಗಿಲ, ಬಾಲ ಎತ್ತಿ ಮುಳುಗುವ ವಿಡಿಯೋ ಇದೆ. ಅದೂ ಇದೇ ಹಿಂದೂ ಮಹಾಸಾಗರ ಅಲ್ವಾ? ಅಲ್ಲಿ ಬರುವುದು ಇಲ್ಲಿಗೆ ಯಾಕೆ ಬರಲ್ಲ?

ಭೂಗೋಳ ಮೇಷ್ಟ್ರು, ಮಧುಗಿರಿ

ಇದಕ್ಕೆ ಉತ್ತರ ನೀರಿನ ಮೇಲೆ ಇಲ್ಲ, ಕೆಳಗಿದೆ. ಖಂಡಾವರಣ ಅಂತ ಪಾಠದಲ್ಲಿ ಓದಿರುತ್ತೀರಿ, ಮರೆತಿರುತ್ತೀರಿ. ನೆಲ ದಡದಲ್ಲಿ ನಿಂತುಬಿಡಲ್ಲ. ನೀರಿನ ಕೆಳಗೂ ಇಳಿಜಾರಿನ ಹೊಲದ ಹಾಗೆ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. ಒಂದು ಕಡೆ ಹೋಗಿ ಕಡಿದು ಬಿದ್ದ ಹಾಗೆ ಪ್ರಪಾತ. ಆಮೇಲೆ ಸಾವಿರಾರು ಮೀಟರ್ ಆಳ.

ನಮ್ಮ ಕರ್ನಾಟಕದ ಮುಂದೆ ಈ ಹೊಲ ಸುಮಾರು 80ರಿಂದ 100 ಕಿ.ಮೀ. ಅಗಲ ಇದೆ. ಮುಂಬೈ ಕಡೆ 300 ದಾಟುತ್ತದೆ. ಶ್ರೀಲಂಕಾದ ದಕ್ಷಿಣ ತುದಿಯಲ್ಲಿ ಅದು ಬಹಳ ಕಿರಿದು, ಕೆಲವೇ ಕಿಲೋಮೀಟರ್. ಅಲ್ಲಿ ಪ್ರಪಾತ ದಡದ ಬಾಗಿಲಲ್ಲೇ ಇದೆ. ಆಳದ ತಣ್ಣನೆ ನೀರು ಮೇಲೆದ್ದು ಬರುವ ಕಡೆ ಸೀಗಡಿಯಂಥ ಸಣ್ಣ ಜೀವಿಗಳು ರಾಶಿ ರಾಶಿ ಇರುತ್ತವೆ. ನೀಲಿ ತಿಮಿಂಗಿಲಕ್ಕೆ ಅದೇ ಊಟ. ಊಟ ಇದ್ದ ಕಡೆ ಅದು. ಶಿರಾಗೇಟ್ ಹೋದದ್ದು 30 ಕಿ.ಮೀ. ಅಂದರೆ ಹೊಲದ ಮಧ್ಯಕ್ಕೂ ಹೋಗಲಿಲ್ಲ. ಬದುವಿನ ಆಚೆ ಇರುವ ಆನೆಯನ್ನು ರಾಗಿ ಹೊಲದ ಈ ತುದಿಯಲ್ಲಿ ನಿಂತು ಹುಡುಕಿದ ಹಾಗಾಯಿತು.

ಮಿರಿಸ್ಸಾದ ಮುಂದೆಯೇ ದೊಡ್ಡ ಹಡಗುಗಳ ಹೆದ್ದಾರಿ ಇದೆ ಅನ್ನುವುದೂ ಗೊತ್ತಿರಲಿ. ಹಡಗಿಗೆ ಡಿಕ್ಕಿಯಾಗಿ ಅಲ್ಲಿ ತಿಮಿಂಗಿಲ ಸಾಯುತ್ತವೆ.

ಕೆರೆಕೋಡಿ, ಕೋಲಾರ

ಮೇಷ್ಟ್ರೇ, ನಮ್ಮ ಕಾಲದಲ್ಲಿ ಹೀಗೆ ಹೇಳಿಕೊಟ್ಟಿದ್ದರೆ ನಾನು ಕಾಮರ್ಸ್ ತಗೋತಿರಲಿಲ್ಲ.

ಶಿರಾಗೇಟ್, ತುಮಕೂರು

ಅಂದರೆ ಕರ್ನಾಟಕದಲ್ಲಿ ತಿಮಿಂಗಿಲ ನೋಡುವ ಆಸೆ ಬಿಡಬೇಕಾ? ಮನೆಯಲ್ಲಿ ಹೇಳಿದ ಸುಳ್ಳು ಹಾಗೇ ಉಳಿಯುತ್ತಾ?

ಬಂಗುಡೆ, ಮಲ್ಪೆ ಮೂಲ, ಈಗ ತಿಪಟೂರು

ಹಾಗೇನಿಲ್ಲ ಮಾರಾಯ್ರೆ. ನಮ್ಮ ದೊಡ್ಡಪ್ಪ ನಲವತ್ತು ವರ್ಷ ಕಡಲಿಗೆ ಹೋದವರು. ತಿಮಿಂಗಿಲ ಎಷ್ಟೋ ಸಲ ಕಂಡಿದ್ದಾರೆ. ಆದರೆ ಅವರು ಹೋಗುತ್ತಿದ್ದದ್ದು ಒಂದು ಬೆಳಿಗ್ಗೆಗಲ್ಲ, ವಾರಗಟ್ಟಲೆ. ದೊಡ್ಡ ಟ್ರಾಲ್ ಬೋಟಿನವರು ಈಗಲೂ ಹಾಗೇ ಇರುತ್ತಾರೆ. ನೀವು ಅರ್ಧ ದಿನ ಹೋಗಿ ಅದೃಷ್ಟ ಪರೀಕ್ಷೆ ಮಾಡಿದರೆ ಹೇಗೆ?

ಬೂತಾಯಿ ಮೀನು ರಾಶಿ ಬಂದ ಕಡೆ ನೋಡಬೇಕು. ನೀರು ಕುದಿದ ಹಾಗೆ ಆಗುತ್ತದೆ, ಮೇಲೆ ಹಕ್ಕಿ ಮುತ್ತಿರುತ್ತವೆ. ಬ್ರೈಡ್ಸ್ ತಿಮಿಂಗಿಲದ ಊಟ ಇಂಥ ಸಣ್ಣ ಮೀನೇ. ಹಾಗಾಗಿ ಅದು ದಡದ ಹತ್ತಿರವೂ ಬರುತ್ತದೆ. ದೊಡ್ಡಪ್ಪ ಹೇಳುತ್ತಿದ್ದದ್ದು ಒಂದೇ ಮಾತು: ನೀರು ನೋಡಬೇಡಿ, ಹಕ್ಕಿ ನೋಡಿ. ಹಕ್ಕಿಗೆ ನಮಗಿಂತ ಮೊದಲು ಗೊತ್ತಾಗುತ್ತದೆ.

ರೀವ, ಚಿಕ್ಕಬಳ್ಳಾಪುರ

ಬಂಗುಡೆ ಅವರ ದೊಡ್ಡಪ್ಪನಿಗೆ ನಮಸ್ಕಾರ. ಇದರ ಜೊತೆಗೆ ಒಂದು ಕಥೆ ಸೇರಿಸುತ್ತೇನೆ, ಇದು ನನಗೆ ತುಂಬಾ ಇಷ್ಟ.

ಅರಬ್ಬೀ ಸಮುದ್ರದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳ ಒಂದು ಗುಂಪು ಇದೆ. ಪ್ರಪಂಚದ ಮಿಕ್ಕ ಹಂಪ್‌ಬ್ಯಾಕ್‌ಗಳು ವರ್ಷ ವರ್ಷ ತಣ್ಣನೆ ಕಡಲಿಗೂ ಬೆಚ್ಚನೆ ಕಡಲಿಗೂ ಓಡಾಡುತ್ತವೆ. ಇವು ಹೋಗಲ್ಲ. ವರ್ಷವಿಡೀ ಇಲ್ಲೇ. ಸುಮಾರು 70 ಸಾವಿರ ವರ್ಷದಿಂದ ಬೇರೆಯವುಗಳ ಜೊತೆ ಬೆರೆತಿಲ್ಲ ಅಂತ ಅವುಗಳ ಡಿಎನ್‌ಎ ನೋಡಿದವರು ಹೇಳುತ್ತಾರೆ. ಒಮಾನ್ ಕಡೆ ಎಣಿಸಿದರೆ ನೂರೂ ಸಿಗಲ್ಲ.

2017ರ ಕೊನೆಗೆ ಒಮಾನ್‌ನಲ್ಲಿ ಒಂದು ಹೆಣ್ಣಿಗೆ ಉಪಗ್ರಹದ ಟ್ಯಾಗ್ ಹಾಕಿದರು. ಹೆಸರು ಲುಬಾನ್. ಅರಬ್ಬಿಯಲ್ಲಿ ಅದು ಸುಗಂಧದ ಅಂಟು, ನಮ್ಮ ಸಾಂಬ್ರಾಣಿಯ ಥರದ್ದು. ಅವಳು ಅಲ್ಲೇ ಇರುತ್ತಾಳೆ ಅಂದುಕೊಂಡಿದ್ದರು. ಅವಳು ಸೀದಾ ಕಡಲು ದಾಟಿ ಗೋವಾ ಕಡೆ ಬಂದಳು, ಕನ್ಯಾಕುಮಾರಿ ತನಕ ಇಳಿದಳು, ಮತ್ತೆ ವಾಪಸ್ ಹೋದಳು. ಗೋವಾದಿಂದ ಕನ್ಯಾಕುಮಾರಿಗೆ ಹೋಗಬೇಕಾದರೆ ನಡುವೆ ಏನಿದೆ ಹೇಳಿ? ಕಾರವಾರ, ಹೊನ್ನಾವರ, ಮಲ್ಪೆ. ನಮ್ಮ ಮುಂದೆಯೇ ಹೋಗಿದ್ದಾಳೆ, ನಮಗೆ ಗೊತ್ತೇ ಆಗಿಲ್ಲ.

ತಟ್ಟೆಇಡ್ಲಿ, ಕ್ಯಾತ್ಸಂದ್ರ

ಲುಬಾನ್ ವಾಂತಿ ಮಾಡಿದ್ದರೆ ಕೆ.ಜಿ.ಗೆ ಕೋಟಿ ಅಲ್ವಾ? ಶಿರಾಗೇಟ್ ಗ್ಯಾಂಗಿನ ವಾಂತಿ ಫ್ರೀ.

ಬಂಗುಡೆ, ಮಲ್ಪೆ ಮೂಲ, ಈಗ ತಿಪಟೂರು

ಅಣ್ಣ, ತಮಾಷೆಗೂ ಆ ಕಡೆ ಹೋಗಬೇಡಿ. ತಿಮಿಂಗಿಲದ ವಾಂತಿ ಅಂತ ಕರೆಯುವ ಅಂಬರ್‌ಗ್ರೀಸ್ ಬರುವುದು ಸ್ಪರ್ಮ್ ತಿಮಿಂಗಿಲದ ಕರುಳಿಂದ, ಹಂಪ್‌ಬ್ಯಾಕ್‌ನಿಂದಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ ಆ ಪ್ರಾಣಿ. ದಡದಲ್ಲಿ ಬಿದ್ದದ್ದು ಸಿಕ್ಕಿತು ಅಂತ ಇಟ್ಟುಕೊಂಡರೂ, ಮಾರಿದರೂ ಕೇಸು. ಬೆಂಗಳೂರು ಕಡೆಯವರೇ ಎಷ್ಟು ಜನ ಸಿಕ್ಕಿಬಿದ್ದಿದ್ದಾರೆ, ಪೇಪರ್ ಓದಿ. ಮೇಣದ ಉಂಡೆ ಕೊಂಡು ಮೋಸ ಹೋದವರೂ ಇದ್ದಾರೆ.

ತಟ್ಟೆಇಡ್ಲಿ, ಕ್ಯಾತ್ಸಂದ್ರ

ಆಯ್ತಪ್ಪ, ಬಿಟ್ಟೆ.

ಶಿರಾಗೇಟ್, ತುಮಕೂರು

ತಿಮಿಂಗಿಲ ಮುಗಿಯಿತು. ನನ್ನ ಹಕ್ಕಿಗಳನ್ನು ಯಾರೂ ಕೇಳಲೇ ಇಲ್ಲ. ಆ ಕಪ್ಪು ಹಕ್ಕಿ ಯಾವುದು?

ರೀವ, ಚಿಕ್ಕಬಳ್ಳಾಪುರ

ಕ್ಷಮಿಸಿ, ಅದನ್ನೇ ಬರೆಯೋಣ ಅಂತ ಕೂತಿದ್ದೆ. ಅದು ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್. ಬಾಲದ ಬುಡದ ಬಿಳಿ ಪಟ್ಟಿ, ನೀರಿನ ಮೇಲೆ ನಡೆಯುವ ಆಟ, ಬೇರೆ ಸಂದೇಹವೇ ಇಲ್ಲ. ತೂಕ 40 ಗ್ರಾಂ ಸುತ್ತಮುತ್ತ. ಕೈಯಲ್ಲಿ ಹಿಡಿದರೆ ಒಂದು ದೊಡ್ಡ ನಿಂಬೆಹಣ್ಣಿನಷ್ಟೂ ಭಾರ ಇಲ್ಲ. ಅದು ಮೊಟ್ಟೆ ಇಡುವುದು ಎಲ್ಲಿ ಗೊತ್ತಾ? ಅಂಟಾರ್ಕ್ಟಿಕಾದಲ್ಲಿ, ಅದರ ಸುತ್ತಲಿನ ದ್ವೀಪಗಳಲ್ಲಿ, ಕಲ್ಲಿನ ಸಂದಿಗಳಲ್ಲಿ. ಅಲ್ಲಿ ಚಳಿಗಾಲ ಬಂದಾಗ ಉತ್ತರಕ್ಕೆ ಹೊರಟು ನಮ್ಮ ಮಳೆಗಾಲಕ್ಕೆ ಅರಬ್ಬೀ ಸಮುದ್ರದಲ್ಲಿರುತ್ತದೆ. ಮೊಟ್ಟೆ ಇಡುವಾಗ ಬಿಟ್ಟರೆ ನೆಲಕ್ಕೆ ಕಾಲೇ ಇಡಲ್ಲ.

ನೀರು ಕುಡಿಯುವುದೂ ಕಡಲಿಂದಲೇ. ಕಣ್ಣಿನ ಹತ್ತಿರ ಒಂದು ಗ್ರಂಥಿ ಇದೆ, ಅದು ರಕ್ತದಿಂದ ಉಪ್ಪು ಸೋಸುತ್ತದೆ. ಉಪ್ಪುನೀರು ಮೂಗಿನಿಂದ ತೊಟ್ಟಿಕ್ಕುತ್ತದೆ. ಕೊಕ್ಕಿನ ಮೇಲೆ ಕೊಳವೆ ಹಾಗಿರುವುದು ಅದರ ಮೂಗು. ಮೀನೆಣ್ಣೆಯ ವಾಸನೆ ಎಷ್ಟೋ ದೂರದಿಂದ ಹಿಡಿಯುತ್ತದೆ.

ಮೀನು ಕಿತ್ತುಕೊಂಡದ್ದು ಸ್ಕೂವಾ. ಕಡಲಿನ ಪುಂಡ. ತಾನು ಹಿಡಿಯುವ ಬದಲು ರೀವದ ಬೆನ್ನು ಹತ್ತಿ ಉಗುಳುವ ತನಕ ಬಿಡಲ್ಲ. ಪೊಮರಿನ್ ಅಥವಾ ಆರ್ಕ್ಟಿಕ್, ಬಾಲದ ನಡುವಿನ ಗರಿ ನೋಡದೆ ಹೇಳಲಾರೆ. ಮರದ ತುಂಡಿನ ಮೇಲೆ ಕೂತದ್ದು ಬ್ರೈಡಲ್ಡ್ ಟರ್ನ್, ಕಣ್ಣಿನ ಮೇಲೆ ಬಿಳಿ ಹುಬ್ಬು ಇರುತ್ತದೆ. ತೇಲುವ ಕಸದ ಮೇಲೆ ಕೂರುವುದು ಅದರ ಚಾಳಿ.

ಬುಗುರಿ ಹಕ್ಕಿ ಫ್ಯಾಲರೋಪ್. ಸುತ್ತಿ ಸುತ್ತಿ ನೀರಿನಲ್ಲಿ ಸುಳಿ ಎಬ್ಬಿಸಿ, ಕೆಳಗಿನ ಹುಳು ಮೇಲೆ ಬಂದಾಗ ತಿನ್ನುತ್ತದೆ. ಇದು ಬಂದದ್ದು ಎದುರು ದಿಕ್ಕಿನಿಂದ, ಉತ್ತರ ಧ್ರುವದ ಕಡೆಯಿಂದ. ಅದರಲ್ಲಿ ಹೆಣ್ಣಿಗೆ ಬಣ್ಣ ಜಾಸ್ತಿ, ಕಾವು ಕೂರುವುದು ಗಂಡು. ನಮ್ಮ ಮನೆಯಲ್ಲಿ ಇದನ್ನು ಓದಿ ಹೇಳಿದೆ, ಯಾರೂ ನಗಲಿಲ್ಲ.

ಒಂದು ಬೆಳಿಗ್ಗೆ ಒಂದೇ ನೀರಿನಲ್ಲಿ ಭೂಮಿಯ ಎರಡು ತುದಿಯ ಹಕ್ಕಿ ನೋಡಿದ್ದೀರಿ. ಅದರಲ್ಲೂ 40 ಗ್ರಾಂ ತೂಕದ್ದು ಅಂಟಾರ್ಕ್ಟಿಕಾ ಕಡೆಯಿಂದ. ನನ್ನನ್ನು ಕೇಳಿದರೆ ಮೂರು ಸಾವಿರ ಕಡಿಮೆಯೇ.

ಕೆರೆಕೋಡಿ, ಕೋಲಾರ

ಫ್ಯಾಲರೋಪ್ ಕೆಲವು ಸಲ ಒಳನಾಡಿನ ಕೆರೆಗಳಿಗೂ ಬರುತ್ತದೆ ಅಂತಾರಲ್ಲ ಅಕ್ಕ? ನಮ್ಮ ಕಡೆ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬಂದ ಮೇಲೆ ಕೆರೆಗಳಲ್ಲಿ ಬಾತು, ರೀವ ಎಲ್ಲ ಕಾಣುತ್ತವೆ. ನೀರಿನ ಬಗ್ಗೆ ಜಗಳ ಬೇರೆ, ಹಕ್ಕಿ ಬಂದದ್ದಂತೂ ನಿಜ.

ರೀವ, ಚಿಕ್ಕಬಳ್ಳಾಪುರ

ಬರುತ್ತದೆ, ಅಪರೂಪಕ್ಕೆ. ನರಸಾಪುರ ಕೆರೆಯಲ್ಲಿ ಸೆಪ್ಟೆಂಬರ್‌ನಿಂದ ಕಣ್ಣಿಟ್ಟಿರಿ. ಬುಗುರಿ ಸುತ್ತಿದರೆ ಮೊದಲು ನನಗೆ ಹೇಳಿ.

ಭೂಗೋಳ ಮೇಷ್ಟ್ರು, ಮಧುಗಿರಿ

ಒಂದು ತಕರಾರು. ಮೀನೆಣ್ಣೆ ವಾಸನೆ ಅಂದಿರಿ. ಹಕ್ಕಿ ಕರೆಯಲು ಬೋಟಿನಿಂದ ಎಣ್ಣೆ, ಮೀನು ಸುರಿಯುತ್ತಾರಂತೆ. ಅದು ಸರೀನಾ?

ಶಿರಾಗೇಟ್, ತುಮಕೂರು

ನಮ್ಮ ತಾಂಡೇಲರೂ ಸುರಿದರು ಮೇಷ್ಟ್ರೇ. ಅರ್ಧ ಬಕೆಟ್ ಮೀನಿನ ಚೂರು, ಮೇಲೆ ಎಣ್ಣೆ. ಹತ್ತು ನಿಮಿಷಕ್ಕೆ ಆ ಕಪ್ಪು ಹಕ್ಕಿ ಬಂತು. ಮಿಕ್ಕವರಿಗೆ ವಾಂತಿ ಜೋರಾದದ್ದೂ ಅದೇ ಹತ್ತು ನಿಮಿಷದಲ್ಲಿ.

ರೀವ, ಚಿಕ್ಕಬಳ್ಳಾಪುರ

ತುಂಬಾ ದೇಶಗಳಲ್ಲಿ ಮಾಡುತ್ತಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಪೂರ್ತಿ ವಿರೋಧವೂ ಇಲ್ಲ. ಮೀನುಗಾರಿಕೆ ಬೋಟ್‌ಗಳು ಬೇಡದ ಮೀನನ್ನು ದಿನಾ ಎಸೆಯುತ್ತವೆ, ಅದರ ಮುಂದೆ ಅರ್ಧ ಬಕೆಟ್ ಏನೂ ಅಲ್ಲ. ನನಗೆ ಸಿಟ್ಟು ಬರುವುದು ಚಿಪ್ಸ್ ಪ್ಯಾಕೆಟ್ ಎಸೆಯುವವರ ಮೇಲೆ. ಪೆಟ್ರೆಲ್, ಶಿಯರ್‌ವಾಟರ್ ಜಾತಿಯ ಕಡಲ ಹಕ್ಕಿಗಳು ಪ್ಲಾಸ್ಟಿಕ್ ನುಂಗಿ ಮರಿಗಳಿಗೂ ತಿನ್ನಿಸಿಬಿಡುತ್ತವೆ. ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲಿ ಸತ್ತ ಶಿಯರ್‌ವಾಟರ್ ಮರಿಗಳ ಹೊಟ್ಟೆ ತುಂಬಾ ಪ್ಲಾಸ್ಟಿಕ್ ಚೂರು ಸಿಕ್ಕಿದೆ. ಅದೇ ಜಾತಿಯ ಶಿಯರ್‌ವಾಟರ್ ನಮ್ಮ ಕಡಲಿಗೂ ಬರುತ್ತದೆ.

ಎರಡು ಮಕ್ಕಳ ತಾಯಿ, ಚಿಂತಾಮಣಿ

ನನ್ನ ಮಗನಿಗೆ ಹನ್ನೊಂದು. ಇದನ್ನೆಲ್ಲ ಓದಿ ಹೇಳಿದೆ, ಈಗಲೇ ಹೊರಡೋಣ ಅಂತಿದ್ದಾನೆ. ಅವನಿಗೆ ಬಸ್ಸಿನಲ್ಲೇ ವಾಂತಿ. ಕರೆದುಕೊಂಡು ಹೋಗಬಹುದಾ? ಯಾವ ತಿಂಗಳು?

ಬಂಗುಡೆ, ಮಲ್ಪೆ ಮೂಲ, ಈಗ ತಿಪಟೂರು

ಅಕ್ಕ, ಮೊದಲ ಸಲಕ್ಕೆ ದೂರದ ಬೋಟ್ ಬೇಡ. ಸೇಂಟ್ ಮೇರೀಸ್‌ಗೆ ಕರೆದುಕೊಂಡು ಹೋಗಿ. ಮಲ್ಪೆಯಿಂದ ದೋಣಿ ಇದೆ, ಹತ್ತಿರ. ಲಾವಾ ಹೆಪ್ಪುಗಟ್ಟಿ ಆದ ಕಂಬದಂಥ ಕಲ್ಲುಗಳಿವೆ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ರೀವ, ಕಡಲಕ್ಕಿ ಅಲ್ಲೇ ಸಿಗುತ್ತವೆ. ಮಗ ಅಷ್ಟು ತಡೆದುಕೊಂಡರೆ ಮುಂದಿನದು ನೋಡೋಣ.

ತಿಂಗಳು ಅಂದರೆ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ. ಆಗಸ್ಟ್‌ನಲ್ಲಿ ಕಡಲು ಇನ್ನೂ ಮುನಿಸಿಕೊಂಡಿರುತ್ತದೆ. ಒಳಗಡಲಿನ ಹಕ್ಕಿಗೆ ಸೆಪ್ಟೆಂಬರ್ ಕೊನೆ ಒಳ್ಳೆಯದು. ಮಗುವಿಗಾದರೆ ಡಿಸೆಂಬರ್, ಜನವರಿ, ನೀರು ತಟ್ಟೆಯ ಹಾಗಿರುತ್ತದೆ.

ವಾಂತಿಗೆ: ಮಾತ್ರೆಯನ್ನು ಡಾಕ್ಟರ್ ಕೇಳಿ ಹೊರಡುವ ಮೊದಲೇ ಕೊಡಿ, ಶುರುವಾದ ಮೇಲೆ ಕೊಟ್ಟರೆ ಅದೂ ಹೊರಗೆ ಬರುತ್ತದೆ. ಖಾಲಿ ಹೊಟ್ಟೆ ಬೇಡ, ಎರಡು ಇಡ್ಲಿ ಸಾಕು. ಡೀಸೆಲ್ ಹೊಗೆಯಿಂದ ದೂರ, ಬೋಟಿನ ನಡುವೆ ಕೂರಿಸಿ. ನೀರು, ಆಕಾಶ ಸೇರುವ ಗೆರೆ ನೋಡಲು ಹೇಳಿ. ಮೊಬೈಲ್ ನೋಡಿದರೆ ಮುಗಿಯಿತು. ಲೈಫ್ ಜಾಕೆಟ್ ಇಲ್ಲದ ಬೋಟ್ ಹತ್ತಲೇಬೇಡಿ, ಎಷ್ಟೇ ಕಡಿಮೆ ದುಡ್ಡು ಹೇಳಲಿ. ದೂರ ಹೋಗುವುದಾದರೆ ಎಲ್ಲರ ಆಧಾರ್ ಇರಲಿ, ಕರಾವಳಿ ಕಾವಲು ಪೊಲೀಸರಿಗೆ ಹೇಳಿ ಹೋಗುವ ತಾಂಡೇಲರನ್ನೇ ಹಿಡಿಯಿರಿ.

ಪೆಡಲ್, ಗೌರಿಬಿದನೂರು

ತಡವಾಗಿ ಬಂದೆ. ಒಂದು ಮಾತು. ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಮಧುಗಿರಿ, ಶಿರಾ ಎಲ್ಲ ಒಂದೇ ರಸ್ತೆಯಲ್ಲಿವೆ, ರಾಷ್ಟ್ರೀಯ ಹೆದ್ದಾರಿ 69. ಅದು ಹೋಗಿ ಮುಗಿಯುವುದು ಹೊನ್ನಾವರದಲ್ಲಿ. ನಮ್ಮ ಮನೆ ಮುಂದಿನ ರಸ್ತೆಯಲ್ಲಿ ಎಲ್ಲೂ ತಿರುಗದೆ ಹೋದರೆ ಕಡಲು! ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಮುರುಡೇಶ್ವರ, ಅದರ ಎದುರು ನೇತ್ರಾಣಿ ದ್ವೀಪ. ಅಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ಮುಂದಿನ ಸಲ ಆ ಕಡೆ ಹೋಗೋಣ. ದಾರಿಯಲ್ಲಿ ಶಿರಾ ಹತ್ತಿರ ಕಗ್ಗಲಡು ಇದೆ. ಊರೊಳಗಿನ ಹುಣಸೆ ಮರದಲ್ಲಿ ಬಣ್ಣದ ಕೊಕ್ಕರೆ ಗೂಡು, ಜನರೇ ಕಾಯುತ್ತಾರೆ. ಕಾಲ ಸರಿಯಿದ್ದರೆ ಅದನ್ನೂ ನೋಡಬಹುದು.

ಭೂಗೋಳ ಮೇಷ್ಟ್ರು, ಮಧುಗಿರಿ

ಮೂವತ್ತು ವರ್ಷ ನಕ್ಷೆ ತೋರಿಸಿ ಪಾಠ ಮಾಡಿದೆ, ಖಂಡಾವರಣದ ಮೇಲೆ ಒಂದು ಸಲವೂ ಹೋಗಿಲ್ಲ. ವಯಸ್ಸು ಅರವತ್ನಾಲ್ಕು. ನನ್ನನ್ನು ಸೇರಿಸಿಕೊಳ್ಳುತ್ತೀರಾ?

ಶಿರಾಗೇಟ್, ತುಮಕೂರು

ಮೇಷ್ಟ್ರೇ, ನಿಮ್ಮದೇ ಮೊದಲ ಹೆಸರು. ಏಜೆಂಟ್ ಇಲ್ಲ, ತಾಂಡೇಲರ ಜೊತೆ ನೇರ ಮಾತಾಡುತ್ತೇನೆ. ನೇತ್ರಾಣಿಗೆ ಬೇರೆ ಬೋಟ್ ಬೇಕು, ಪೆಡಲ್ ಅವರು ವಿಚಾರಿಸಿ. ಇವತ್ತು ರಾತ್ರಿ ಮನೆಯಲ್ಲಿ ನಿಜ ಹೇಳಿದೆ. ತಿಮಿಂಗಿಲ ಅಲ್ಲ, ಫಿನ್‌ಲೆಸ್ ಪಾರ್ಪಾಯ್ಸ್ ಅಂತ. "ಅದರ ಹೆಸರೇ ಇಷ್ಟುದ್ದ ಇದೆಯಲ್ಲ, ಸಾಕು ಬಿಡು" ಅಂದರು ಅಮ್ಮ.

ಕೆರೆಕೋಡಿ, ಕೋಲಾರ

ನನಗೂ ಒಂದು ಸೀಟು. ಬಕೆಟ್ ನಾನೇ ತರ್ತೀನಿ.

ತಟ್ಟೆಇಡ್ಲಿ, ಕ್ಯಾತ್ಸಂದ್ರ

ಎರಡು ತನ್ನಿ. ನಾನೂ ಬರ್ತಿದ್ದೀನಿ.